ಗೂಡುಪೆಟ್ಟಿಗೆ ನೇತುಹಾಕಿದರೆ ಗುಬ್ಬಚ್ಚಿ ವಾಪಸ್ ಬರುತ್ತಾ? ನೀಲಕಂಠಕ್ಕೆ ಯಾರು ಪೆಟ್ಟಿಗೆ ಇಡುತ್ತಾರೆ?

ಮಾರ್ಚ್ 20 ಹತ್ತಿರ ಬರುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡುತ್ತವೆ. "ಮೊಬೈಲ್ ಟವರ್‌ನಿಂದ ಗುಬ್ಬಚ್ಚಿಗಳು ಸತ್ತುಹೋದವು. ನಿಮ್ಮ ಮನೆಗೊಂದು ಗೂಡು ಕಟ್ಟಿ, ಗುಬ್ಬಿ ಉಳಿಸಿ." ಅಂದು ವಿಶ್ವ ಗುಬ್ಬಚ್ಚಿ ದಿನ. ನಾಸಿಕ್‌ನ ಮೊಹಮ್ಮದ್ ದಿಲಾವರ್ ಅವರ ನೇಚರ್ ಫಾರೆವರ್ ಸೊಸೈಟಿಯ ಪ್ರಯತ್ನದಿಂದ 2010ರಿಂದ ಇದು ಆಚರಣೆಯಲ್ಲಿದೆ. ಶಾಲೆಗಳಲ್ಲಿ ಮಕ್ಕಳಿಗೆ ರಟ್ಟಿನ ಡಬ್ಬಿ, ಮಣ್ಣಿನ ಕುಡಿಕೆ, ಪ್ಲೈವುಡ್ ಪೆಟ್ಟಿಗೆ ಹಂಚುತ್ತಾರೆ. ಫೋಟೊ ಆಗುತ್ತದೆ. ಏಪ್ರಿಲ್ ಬರುತ್ತದೆ, ಬಿಸಿಲು ಏರುತ್ತದೆ. ಆ ಡಬ್ಬಿ ಏನಾಯಿತು ಎಂದು ಕೇಳುವವರು ಕಡಿಮೆ.

ನಮ್ಮ ಕುಡುಮಲಕುಂಟೆ ಕಡೆ ಕನ್ನಡ ಮಾತಾಡುವ ಮನೆಯಲ್ಲಿ ಇದು ಗುಬ್ಬಿ, ಪಕ್ಕದ ತೆಲುಗು ಮನೆಯಲ್ಲಿ ಪಿಚ್ಚುಕ. ಹೆಸರು ಎರಡಾದರೂ ಕೇಳುವ ಪ್ರಶ್ನೆ ಒಂದೇ: ಪೆಟ್ಟಿಗೆ ಇಟ್ಟರೆ ನಿಜವಾಗಿ ಉಪಯೋಗ ಇದೆಯಾ? ಚಿಕ್ಕ ಉತ್ತರ ಹೇಳುವುದಾದರೆ, ಇದೆ. ಆದರೆ ಸರಿಯಾದ ಹಕ್ಕಿಗೆ, ಸರಿಯಾದ ಜಾಗದಲ್ಲಿ, ಇಟ್ಟವರು ಆಮೇಲೂ ಗಮನಿಸಿದರೆ ಮಾತ್ರ. ಇಲ್ಲದಿದ್ದರೆ ಅದೇ ಪೆಟ್ಟಿಗೆ ಮರಿಗಳಿಗೆ ಒಲೆಯಾಗಬಹುದು. ಹಾಗಾಗಿ ಉದ್ದ ಉತ್ತರವನ್ನೂ ಓದಿ.

ಅಲ್ಲಿ ಗುಬ್ಬಿಯೇ ಖಳನಾಯಕ

ಗೂಡುಪೆಟ್ಟಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಹೆಚ್ಚಾಗಿ ಹೇಳುವ ಉದಾಹರಣೆ ಅಮೆರಿಕದ ಬ್ಲೂಬರ್ಡ್. ನೀಲಿ ಬೆನ್ನು, ಇಟ್ಟಿಗೆ ಬಣ್ಣದ ಎದೆಯ ಸಣ್ಣ ಹಕ್ಕಿ. ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ, ಆದರೆ ಪೊಟರೆ ಕೊರೆಯಲು ಅದಕ್ಕೆ ಬರುವುದಿಲ್ಲ. ಮರಕುಟಿಗ ಬಿಟ್ಟುಹೋದ ತೂತು, ಕೊಳೆತ ಬೇಲಿಗೂಟದ ತೂತು, ಇವೇ ಅದರ ಆಸರೆ. ಇಪ್ಪತ್ತನೇ ಶತಮಾನದಲ್ಲಿ ಹಳೆಯ ಮರಗಳು ಹೋದವು, ಮರದ ಬೇಲಿಗೂಟದ ಬದಲು ಕಬ್ಬಿಣದ ಕಂಬ ಬಂತು. ಉಳಿದ ತೂತುಗಳಿಗೆ ಹೊರದೇಶದಿಂದ ತಂದ ಎರಡು ಹಕ್ಕಿಗಳು ಪೈಪೋಟಿಗೆ ಇಳಿದವು. ಒಂದು ಯುರೋಪಿನ ಸ್ಟಾರ್ಲಿಂಗ್. ಇನ್ನೊಂದು ನಮ್ಮ ಗುಬ್ಬಚ್ಚಿ!

ಹೌದು, ಅದೇ ಗುಬ್ಬಚ್ಚಿ. 1850ರ ದಶಕದ ಆರಂಭದಲ್ಲಿ ಯುರೋಪಿನಿಂದ ತಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬಿಟ್ಟರು. ಅಲ್ಲಿಂದ ಅದು ಖಂಡವನ್ನೇ ಆವರಿಸಿತು. ಗೂಡಿನ ಜಗಳದಲ್ಲಿ ಗುಬ್ಬಿ ಬ್ಲೂಬರ್ಡ್‌ನ ಮೊಟ್ಟೆ ಒಡೆಯುತ್ತದೆ, ಮರಿ ಕೊಲ್ಲುತ್ತದೆ, ಕೆಲವೊಮ್ಮೆ ಕಾವು ಕೂತ ತಾಯಿಯನ್ನೂ ಕುಕ್ಕಿ ಸಾಯಿಸುತ್ತದೆ. ಹೀಗಾಗಿ ಅಲ್ಲಿನ ಸ್ವಯಂಸೇವಕರು ಪೆಟ್ಟಿಗೆಯಲ್ಲಿ ಗುಬ್ಬಿಗೂಡು ಕಂಡರೆ ಕಿತ್ತು ಹಾಕುತ್ತಾರೆ. ನಾವು ಇಲ್ಲಿ "ಬಾ ಗುಬ್ಬಿ" ಎಂದು ಪೆಟ್ಟಿಗೆ ಇಡುತ್ತೇವೆ, ಅವರು ಅಲ್ಲಿ "ಹೋಗು ಗುಬ್ಬಿ" ಎನ್ನುತ್ತಾರೆ. ಇಬ್ಬರದ್ದೂ ಸರಿಯೇ. ಒಂದು ಹಕ್ಕಿಯನ್ನು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ.

1930ರ ದಶಕದಲ್ಲಿ ಇಲಿನಾಯ್ ರಾಜ್ಯದ ಟಿ. ಇ. ಮಸೆಲ್‌ಮನ್ ಹಳ್ಳಿ ರಸ್ತೆಯ ಪಕ್ಕ ಸಾಲಾಗಿ ಪೆಟ್ಟಿಗೆ ಇಡುವ ಪದ್ಧತಿ ಶುರು ಮಾಡಿದರು. ಆಮೇಲೆ ಲಾರೆನ್ಸ್ ಝೆಲೆನಿ ಎಂಬ ವಿಜ್ಞಾನಿ ಅದನ್ನು ದೊಡ್ಡ ಚಳವಳಿ ಮಾಡಿ, 1978ರಲ್ಲಿ ಉತ್ತರ ಅಮೆರಿಕದ ಬ್ಲೂಬರ್ಡ್ ಸೊಸೈಟಿ ಸ್ಥಾಪಿಸಿದರು. ಇವತ್ತು ವನ್ಯಜೀವಿಧಾಮ, ಉದ್ಯಾನ, ಹೊಲದಂಚುಗಳಲ್ಲಿ ಸಾವಿರಾರು ಜನ ಈ ಕೆಲಸ ಮಾಡುತ್ತಾರೆ, ಅವರಲ್ಲಿ ನಿವೃತ್ತರೂ ಬಹಳ. ಅವರ ಯಶಸ್ಸಿನ ಗುಟ್ಟು ಬಡಗಿತನದಲ್ಲಿ ಇಲ್ಲ. ಗೂಡು ಮಾಡುವ ಕಾಲದಲ್ಲಿ ವಾರಕ್ಕೊಮ್ಮೆ ಹೋಗಿ ಪೆಟ್ಟಿಗೆ ತೆರೆದು ನೋಡುತ್ತಾರೆ. ಎಷ್ಟು ಮೊಟ್ಟೆ, ಎಷ್ಟು ಮರಿ, ಎಷ್ಟು ಹಾರಿಹೋದವು, ಎಲ್ಲವನ್ನೂ ಬರೆದಿಡುತ್ತಾರೆ. ಹಾವು ಹತ್ತದಂತೆ ಕಂಬಕ್ಕೆ ತಗಡಿನ ತಡೆ ಹಾಕುತ್ತಾರೆ. ಮರಿ ಹಾರಿದ ಮೇಲೆ ಹಳೆ ಗೂಡು ತೆಗೆದು ಚೊಕ್ಕ ಮಾಡುತ್ತಾರೆ. ನಮ್ಮಲ್ಲಿ ಪೆಟ್ಟಿಗೆ ಹಂಚಿದ ದಿನವೇ ಕೆಲಸ ಮುಗಿಯುತ್ತದೆ, ಅವರಿಗೆ ಕೆಲಸ ಶುರುವಾಗುವುದೇ ಅಂದು.

ಗುಬ್ಬಿ ನಿಜವಾಗಿ ಮಾಯವಾಗಿದೆಯಾ?

"ಗುಬ್ಬಚ್ಚಿ ಅಳಿವಿನಂಚಿನಲ್ಲಿದೆ" ಎಂಬ ಮಾತು ತಪ್ಪು. ಹಕ್ಕಿ ವೀಕ್ಷಕರು ದಾಖಲಿಸಿದ ಮಾಹಿತಿಯ ಮೇಲೆ 2020ರಲ್ಲಿ ಪ್ರಕಟವಾದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಹೇಳಿದ್ದು: ದೇಶದ ಮಟ್ಟದಲ್ಲಿ ಕಳೆದ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಗುಬ್ಬಚ್ಚಿ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಆದರೆ ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈನಂಥ ಮಹಾನಗರಗಳಲ್ಲಿ ಇಳಿದಿದೆ. ಪತ್ರಿಕೆ, ಟಿ.ವಿ. ನಡೆಸುವವರು ಮಹಾನಗರಗಳಲ್ಲೇ ಇರುವುದರಿಂದ "ನಮ್ಮ ಬೀದಿಯಲ್ಲಿ ಇಲ್ಲ" ಎನ್ನುವುದು "ದೇಶದಲ್ಲೇ ಇಲ್ಲ" ಎಂದಾಯಿತು.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ದಿನಸಿ ಅಂಗಡಿ ಬೀದಿಯಲ್ಲಿ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿ. ಮೂಟೆಯಿಂದ ಉದುರಿದ ಕಾಳು ಹೆಕ್ಕುವ ಗುಬ್ಬಿಗಳು ಕಣ್ಣಿಗೆ ಬೀಳುತ್ತವೆ. ಬದಲಾಗುತ್ತಿರುವುದು ಮನೆ. ಮಾಳಿಗೆ ಮನೆಯ ತೊಲೆ ಸಂದು, ನಾಡಹೆಂಚಿನ ಕೆಳಗಿನ ಜಾಗ, ಚಪ್ಪಡಿ ಕಲ್ಲಿನ ಗೋಡೆಯ ಬಿರುಕು ಇವೆಲ್ಲ ಗುಬ್ಬಿಯ ಮನೆಗಳಾಗಿದ್ದವು. ಗೋಡೆಯಲ್ಲಿ ತೂಗುಹಾಕಿದ ದೇವರ ಪಟದ ಹಿಂದೆ ಗೂಡು ಮಾಡಿದ ಗುಬ್ಬಿಯನ್ನು ನೋಡದೆ ಬೆಳೆದವರು ಈ ಕಡೆ ಕಡಿಮೆ. ಆರ್‌ಸಿಸಿ ಮನೆಯಲ್ಲಿ ಆ ಸಂದು ಇಲ್ಲ, ಕಿಟಕಿಗೆ ಸೊಳ್ಳೆ ಪರದೆ ಬೇರೆ. ಇಂಥ ಕಡೆ ಗುಬ್ಬಿಗೆ ಕೊರತೆಯಾಗಿರುವುದು ಗೂಡಿನ ಜಾಗವೇ ಆದರೆ ಪೆಟ್ಟಿಗೆ ಫಲ ಕೊಡುತ್ತದೆ.

ಆದರೆ ಜಾಗ ಒಂದೇ ಕಾರಣವಲ್ಲ. ಗುಬ್ಬಿ ದೊಡ್ಡದಾದ ಮೇಲೆ ಕಾಳು ತಿನ್ನುತ್ತದೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ಬೇಕಾದ್ದು ಹುಳ. ಕಂಬಳಿಹುಳ, ಗಿಡಹೇನು, ಸಣ್ಣ ಮಿಡತೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಪೆಟ್ಟಿಗೆಗಳನ್ನಿಟ್ಟು ನಡೆಸಿದ ಅಧ್ಯಯನದಲ್ಲಿ, ಹುಳ ಸಾಕಷ್ಟು ಸಿಗದ ಕಡೆ ಮರಿಗಳು ಗೂಡಿನಲ್ಲೇ ಹಸಿವಿನಿಂದ ಸಾಯುತ್ತಿದ್ದುದು ಕಂಡುಬಂತು. ಅಂದರೆ ಪೆಟ್ಟಿಗೆ ಇತ್ತು, ತಾಯಿ ತಂದೆ ಇದ್ದವು, ಮೊಟ್ಟೆಯೂ ಒಡೆಯಿತು, ಊಟ ಇರಲಿಲ್ಲ. ಅಂಗಳಕ್ಕೆಲ್ಲ ಟೈಲ್ಸ್ ಹಾಸಿ, ಹೂಕುಂಡಕ್ಕೆ ಕೀಟನಾಶಕ ಹೊಡೆದು, ಗೋಡೆಗೆ ಗೂಡು ಕಟ್ಟಿದರೆ ಆಗುವುದು ಇದೇ. ಮುಷ್ಟಿ ಅಕ್ಕಿ ಹಾಕುವುದು ತಪ್ಪಲ್ಲ, ಆದರೆ ಅದು ಮರಿಯ ಊಟ ಅಲ್ಲ. ಮನೆ ಹಿಂದೆ ಒಂದು ದಾಸವಾಳ, ಒಂದು ನುಗ್ಗೆ, ಒಂದಿಷ್ಟು ಕಳೆ ಬಿಟ್ಟರೆ ಅಲ್ಲಿ ಹುಳ ಇರುತ್ತದೆ. ನುಗ್ಗೆಮರದ ಕಂಬಳಿಹುಳಕ್ಕೆ ಬೈಯುವವರು ಗುಬ್ಬಿಯ ಕಡೆಯಿಂದಲೂ ಸ್ವಲ್ಪ ಯೋಚಿಸಬಹುದು.

ಟವರ್ ಕಥೆ ಏನು?

2018ರಲ್ಲಿ ಬಂದ ರಜನಿಕಾಂತ್ ಅವರ '2.0' ಸಿನಿಮಾ ಈ ನಂಬಿಕೆಗೆ ರೆಕ್ಕೆ ಕಟ್ಟಿತು. ಅಕ್ಷಯ್ ಕುಮಾರ್ ಪಕ್ಷಿತಜ್ಞನ ಪಾತ್ರದಲ್ಲಿ ಮೊಬೈಲ್ ತರಂಗಗಳಿಂದ ಹಕ್ಕಿಗಳು ಸಾಯುವುದನ್ನು ಕಂಡು ಸೇಡು ತೀರಿಸಿಕೊಳ್ಳುತ್ತಾರೆ. ಸಿನಿಮಾ ಆಗಿ ಸರಿ.

ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. ಸ್ಪೇನ್ ಮತ್ತು ಬೆಲ್ಜಿಯಂನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ತರಂಗದ ತೀವ್ರತೆ ಹೆಚ್ಚಿರುವ ಕಡೆ ಗುಬ್ಬಿಗಳು ಕಡಿಮೆ ಕಂಡವು ಎಂದವು. ಆದರೆ ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಟವರ್ ಹೆಚ್ಚಿರುವುದು ಎಲ್ಲಿ? ಕಾಂಕ್ರೀಟ್ ಹೆಚ್ಚಿರುವ, ಮರ ಕಡಿಮೆಯಿರುವ, ವಾಹನ ದಟ್ಟವಾಗಿರುವ ಕಡೆ. ಅಲ್ಲಿ ಗುಬ್ಬಿ ಕಡಿಮೆಯಾಗಲು ಟವರ್ ಬೇಕಿಲ್ಲ. ಕಾಲವೂ ತಾಳೆಯಾಗುವುದಿಲ್ಲ. ಬ್ರಿಟನ್ನಿನಲ್ಲಿ ಗುಬ್ಬಿಗಳ ಇಳಿಕೆ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಅಲ್ಲಿ ಮೊಬೈಲ್ ಸೇವೆ ಬಂದದ್ದು 1985ರಲ್ಲಿ. ಟವರ್ ತರಂಗವೇ ಗುಬ್ಬಿಗಳ ಇಳಿಕೆಗೆ ಕಾರಣ ಎಂಬುದು ಈವರೆಗೆ ಸಾಬೀತಾಗಿಲ್ಲ. ನಮಗೆ ಇದರಲ್ಲಿ ಬೇಸರ ತರುವ ವಿಷಯ ಬೇರೆ: ತಪ್ಪೆಲ್ಲ ಟವರ್ ಮೇಲೆ ಹಾಕಿಬಿಟ್ಟರೆ ಕೀಟನಾಶಕ, ಹಳೆ ಮರ, ಕೆರೆಯಂಚು ಯಾವುದರ ಬಗ್ಗೆಯೂ ಮಾತಾಡುವ ಅಗತ್ಯವೇ ಬೀಳುವುದಿಲ್ಲ.

ಪೆಟ್ಟಿಗೆ ಹೇಗಿರಬೇಕು

ಮೊದಲು ಒಂದು ಪ್ರಶ್ನೆ: ಸುತ್ತಮುತ್ತ ಈಗ ಗುಬ್ಬಿ ಇದೆಯಾ? ಗುಬ್ಬಿ ಊರೂರು ತಿರುಗುವ ಹಕ್ಕಿ ಅಲ್ಲ. ಹುಟ್ಟಿದ ಜಾಗದಿಂದ ಬಹುಪಾಲು ಒಂದೆರಡು ಕಿಲೋಮೀಟರ್ ಒಳಗೇ ಬದುಕು ಮುಗಿಸುತ್ತದೆ. ಹತ್ತಿರದಲ್ಲಿ ಗುಬ್ಬಿಯೇ ಇಲ್ಲದ ಬಡಾವಣೆಯಲ್ಲಿ ಪೆಟ್ಟಿಗೆ ಇಟ್ಟರೆ ವರ್ಷಗಟ್ಟಲೆ ಖಾಲಿ ಉಳಿಯಬಹುದು. ಗುಬ್ಬಿ ಇದ್ದರೆ ಒಂದೇ ಪೆಟ್ಟಿಗೆಗಿಂತ ಮೂರ್ನಾಲ್ಕು ಹತ್ತಿರ ಹತ್ತಿರ ಇಡುವುದು ಒಳ್ಳೆಯದು. ಅವು ಗುಂಪಾಗಿ ಸಂಸಾರ ಮಾಡುವ ಹಕ್ಕಿಗಳು.

ಬಾಗಿಲಿನ ತೂತು 32 ಮಿಲಿಮೀಟರ್ ಅಡ್ಡಗಲ. ಅದಕ್ಕಿಂತ ದೊಡ್ಡದು ಮಾಡಿದರೆ ಗೊರವಂಕ, ಅಳಿಲು ನುಗ್ಗುತ್ತವೆ, ಬೆಕ್ಕಿನ ಕೈಯೂ ಒಳಗೆ ಹೋಗುತ್ತದೆ. ತೂತಿನಿಂದ ತಳಕ್ಕೆ ಸುಮಾರು ಒಂದು ಗೇಣು ಆಳ ಬೇಕು, ಇಲ್ಲದಿದ್ದರೆ ಮರಿ ಇಣುಕಿ ಕೆಳಗೆ ಬೀಳುತ್ತದೆ. ತೂತಿನ ಕೆಳಗೆ ಚೆಂದಕ್ಕೆಂದು ಕಡ್ಡಿ ಹೊಡೆಯಬೇಡಿ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಕೂರಲು ಅನುಕೂಲ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಪೆಟ್ಟಿಗೆಗಳಲ್ಲಿ ಆ ಕಡ್ಡಿ ಇದ್ದೇ ಇರುತ್ತದೆ, ಕಿತ್ತುಬಿಡಿ. ಒಳಗೆ ಹುಲ್ಲು, ಹತ್ತಿ, ಕಾಳು, ನೀರು ಏನನ್ನೂ ಇಡಬೇಡಿ. ಕಾಳಿಗೆ ಇರುವೆ ಬರುತ್ತದೆ, ಇರುವೆ ಮರಿಯನ್ನು ಬಿಡುವುದಿಲ್ಲ.

ಈಗ ಬಿಸಿಲಿನ ವಿಷಯ. ನಮ್ಮ ಬಯಲುಸೀಮೆಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಮರದ ಪೊಟರೆಯ ಗೋಡೆ ದಪ್ಪ, ಹಗಲಿನ ಶಾಖ ಒಳಗೆ ನಿಧಾನವಾಗಿ ಇಳಿಯುತ್ತದೆ. ತೆಳು ಪ್ಲೈವುಡ್, ತಗಡು, ಪ್ಲಾಸ್ಟಿಕ್ ಡಬ್ಬಿ ಬಿಸಿಲಿಗೆ ಬಿದ್ದರೆ ಒಳಗಿನ ಶಾಖ ಹೊರಗಿನ ಗಾಳಿಗಿಂತಲೂ ಮೇಲೆ ಹೋಗುತ್ತದೆ. ಮೊಟ್ಟೆಯೊಳಗಿನ ಭ್ರೂಣ 40-41 ಡಿಗ್ರಿ ದಾಟಿದ ಶಾಖವನ್ನು ಹೆಚ್ಚು ಹೊತ್ತು ತಡೆಯಲಾರದು. ರೆಕ್ಕೆ ಬಾರದ ಮರಿಗೆ ಓಡಿಹೋಗುವ ದಾರಿ ಇಲ್ಲ. ಪಡುವಣ ಗೋಡೆಗೆ ಇಟ್ಟ ಡಬ್ಬಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಏನಾಗುತ್ತದೆ ಎಂದು ತಿಳಿಯಬೇಕಾದರೆ, ಖಾಲಿ ಡಬ್ಬಿಯೊಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಮುಕ್ಕಾಲು ಇಂಚು ದಪ್ಪದ ಹಲಗೆ, ಇಲ್ಲವೇ ಕುಂಬಾರರ ದಪ್ಪ ಮಡಿಕೆ ಆಗುತ್ತದೆ. ಮೂಡಣ ಅಥವಾ ಬಡಗಣ ಗೋಡೆ, ಸೂರಿನ ನೆರಳು, ನೆಲದಿಂದ ಎರಡರಿಂದ ನಾಲ್ಕು ಮೀಟರ್ ಎತ್ತರ. ಮೇಲೆ ಗಾಳಿಯಾಡಲು ಸಣ್ಣ ಸಂದು, ತಳದಲ್ಲಿ ಮಳೆನೀರು ಬಸಿಯಲು ತೂತು. ರಟ್ಟಿನ ಡಬ್ಬಿ ಮೊದಲ ಮಳೆಗೇ ಕುಸಿಯುತ್ತದೆ. ಅದನ್ನು ಮಕ್ಕಳಿಗೆ ಮಾದರಿ ತೋರಿಸಲು ಬಳಸಿ, ಹಕ್ಕಿಗೆ ಕೊಡಬೇಡಿ.

ಒಂದು ಸಲಕ್ಕೆ ಮೂರರಿಂದ ಐದು ಮೊಟ್ಟೆ. ಸುಮಾರು ಎರಡು ವಾರ ಕಾವು, ಮತ್ತೆ ಸುಮಾರು ಎರಡು ವಾರದಲ್ಲಿ ಮರಿ ಹಾರುತ್ತದೆ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿ ಮಾಡುವುದರಿಂದ, ಮರಿ ಹಾರಿದ ಮೇಲೆ ಹಳೆ ಹುಲ್ಲು ತೆಗೆದರೆ ಅದರಲ್ಲಿನ ಉಣ್ಣೆ, ಹೇನು ಮುಂದಿನ ಮರಿಗಳಿಗೆ ಅಂಟುವುದು ತಪ್ಪುತ್ತದೆ. ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಗೂಡಿನಲ್ಲಿ ಮೊಟ್ಟೆ ಮರಿ ಇರುವಾಗ ಮಾತ್ರ ಕೈ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ ಒಡೆಯುವುದನ್ನೂ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಎಣಿಸುತ್ತದೆ.

ನಮ್ಮ ಬ್ಲೂಬರ್ಡ್ ಯಾವುದು?

ನಮ್ಮಲ್ಲಿ ಬ್ಲೂಬರ್ಡ್ ಇಲ್ಲ. ಆದರೆ ಅದರ ಪಾಡಿನಲ್ಲೇ ಇರುವ ಒಂದು ನೀಲಿ ಹಕ್ಕಿ ಇದೆ. ಕರೆಂಟು ತಂತಿಯ ಮೇಲೆ ಮಂಕಾಗಿ ಕೂತಿರುತ್ತದೆ, ಹಾರಿದರೆ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಮಿಂಚುತ್ತದೆ. ಕನ್ನಡದಲ್ಲಿ ನೀಲಕಂಠ, ತೆಲುಗಿನಲ್ಲಿ ಪಾಲಪಿಟ್ಟ. ಕರ್ನಾಟಕದ ರಾಜ್ಯಪಕ್ಷಿ. ಹೊಲದ ಮಿಡತೆ, ಜೀರುಂಡೆ ಹಿಡಿದು ತಿನ್ನುವ ರೈತನ ನಂಟ.

2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿಯಲ್ಲಿ, ಸಂಖ್ಯೆ ಶೇ. 30 ಅಥವಾ ಅದಕ್ಕಿಂತ ಹೆಚ್ಚು ಇಳಿದಿದೆ, ಹಾಗಾಗಿ ಜಾಗತಿಕ ಕೆಂಪುಪಟ್ಟಿಯಲ್ಲಿ ಇವುಗಳ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದು ಹೆಸರಿಸಿದ 14 ಹಕ್ಕಿಗಳಲ್ಲಿ ನೀಲಕಂಠವೂ ಒಂದು. ಗುಬ್ಬಿಗೆ ಒಂದು ದಿನಾಚರಣೆ ಇದೆ, ಸಿನಿಮಾ ಇದೆ. ನೀಲಕಂಠ ಇಳಿಯುತ್ತಿರುವುದು ಎಷ್ಟು ಜನಕ್ಕೆ ಗೊತ್ತು?

ಬ್ಲೂಬರ್ಡ್‌ನಂತೆ ಇದೂ ಪೊಟರೆ ಕೊರೆಯಲಾರದು. ಮರಕುಟಿಗ, ಕುಟ್ರುಹಕ್ಕಿ ಕೊರೆದು ಬಿಟ್ಟ, ಆಮೇಲೆ ಕೊಳೆತು ಅಗಲವಾದ ತೂತು ಬೇಕು. ತಲೆ ಹೋದ ತೆಂಗು, ಈಚಲಿನ ಬೋಳು ಕಾಂಡ ಇದಕ್ಕೆ ಪ್ರಿಯ. ಹಾಲಕ್ಕಿ, ಗಿಳಿ, ಗೊರವಂಕ, ಚಂದ್ರಮುಕುಟ, ಮಡಿವಾಳ, ಚೇಕಡಿ ಎಲ್ಲವೂ ಇಂಥ ತೂತುಗಳಿಗೇ ಸಾಲು ನಿಂತಿರುತ್ತವೆ. (ಸೂರಕ್ಕಿ, ಗೀಜಗ, ಪಿಕಳಾರ ತಮ್ಮ ಗೂಡು ತಾವೇ ಕಟ್ಟಿಕೊಳ್ಳುತ್ತವೆ. ಯಾವ ಪೆಟ್ಟಿಗೆ ಇಟ್ಟರೂ ಒಳಗೆ ಬರುವುದಿಲ್ಲ.) ಈಗ ನಮ್ಮ ಭಾಗವನ್ನು ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಬಯಲುಗಳಲ್ಲಿ ದಶಕಗಳ ಕಾಲ ನೆಟ್ಟದ್ದು ನೀಲಗಿರಿ. ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಕೆಲವೇ ವರ್ಷಕ್ಕೊಮ್ಮೆ ಕಡಿಯುವ ನೀಲಗಿರಿಯಲ್ಲಿ ಪೊಟರೆ ಆಗಲು ಸಮಯವೇ ಇಲ್ಲ. ಪೊಟರೆಯಿದ್ದ ಸಾಲುಮರಗಳು ರಸ್ತೆ ಅಗಲವಾದಾಗ ಹೋದವು. ಬೋರ್‌ವೆಲ್ ಬತ್ತಿ ಒಣಗಿದ ತೆಂಗು ಸೌದೆಯಾಗುತ್ತದೆ.

ಯುರೋಪಿನಲ್ಲಿ ನೀಲಕಂಠದ ಸೋದರ ಜಾತಿಗೆ ಇದೇ ಗತಿ ಬಂದಿತ್ತು. 2005ರಲ್ಲಿ ಅದನ್ನು ಅಪಾಯದ ಸಮೀಪದ ಪಟ್ಟಿಗೆ ಸೇರಿಸಿದರು. ಹಂಗೇರಿ, ಸ್ಪೇನ್ ಮುಂತಾದ ಕಡೆ ಕಂಬ, ಮರ, ಪಾಳು ಕಟ್ಟಡಗಳಿಗೆ ದೊಡ್ಡ ಪೆಟ್ಟಿಗೆಗಳನ್ನು ಅಳವಡಿಸಿದರು, ಸ್ವಯಂಸೇವಕರು ವರ್ಷ ವರ್ಷ ನೋಡಿಕೊಂಡರು. ಹಲವೆಡೆ ಸಂಖ್ಯೆ ಚೇತರಿಸಿ, 2015ರಲ್ಲಿ ಆ ಪಟ್ಟಿಯಿಂದ ಕೆಳಗಿಳಿಸಿದರು. ಪೆಟ್ಟಿಗೆ ಒಂದರಿಂದಲೇ ಆಯಿತು ಎನ್ನಲಾಗದು, ಹುಲ್ಲುಗಾವಲೂ ಕೀಟಗಳೂ ಇದ್ದ ಕಡೆ ಪೆಟ್ಟಿಗೆ ಫಲ ಕೊಟ್ಟಿತು.

ಇದೇ ಕೆಲಸ ನಮ್ಮಲ್ಲೂ ಆಗಬಹುದು ಎಂಬುದು ನಮ್ಮ ಅಭಿಪ್ರಾಯ. ಆದರೆ ಪೆಟ್ಟಿಗೆಗಿಂತ ಮೊದಲ, ಖರ್ಚಿಲ್ಲದ ಕೆಲಸ ಒಂದಿದೆ. ಮನೆ, ದಾರಿ, ಕರೆಂಟು ತಂತಿಯಿಂದ ದೂರ, ಹೊಲದ ಬದುವಿನಲ್ಲಿ ಅಥವಾ ಕೆರೆ ಅಂಗಳದಲ್ಲಿ ಇರುವ ಒಣಮರವನ್ನು ಹಾಗೇ ನಿಲ್ಲಲು ಬಿಡಿ. ಒಣಮರ ಅಪಶಕುನ, ದಂಡ ಎಂಬ ಮಾತಿದೆ. ಹಕ್ಕಿಯ ಲೆಕ್ಕದಲ್ಲಿ ಅದು ಊರಿನಲ್ಲೇ ದುಬಾರಿ ಸೈಟು.

ಇಲ್ಲಿನ ಜನ ಹಕ್ಕಿಗೆ ಹೊಸಬರಲ್ಲ. ಗಡಿಯಾಚೆ, ಹಿಂದೂಪುರದ ಹತ್ತಿರ ಚಿಲಮತ್ತೂರು ಮಂಡಲದ ವೀರಾಪುರಂನಲ್ಲಿ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ, ಊರಿನವರು ಕಾಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಬಳಗದ ಯುವಕರು ಮೈಸೂರಿನ ಹವ್ಯಾಸಿ ಪ್ರಕೃತಿಪ್ರೇಮಿಗಳ ಜೊತೆ ಸೇರಿ, ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಸಾಕಿ ಬಿಟ್ಟಿದ್ದಾರೆ. ಅಲ್ಲಿ ಪೆಟ್ಟಿಗೆ ಇಲ್ಲ, ಮರ ಕಡಿಯದಿರುವುದೇ ದೊಡ್ಡ ಸೇವೆ.

ಬಿದ್ದ ಮರಿಯನ್ನು ಮುಟ್ಟಬಹುದಾ?

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ ಎನ್ನುತ್ತಾರೆ. ಅದು ನಿಜವಲ್ಲ. ಗುಬ್ಬಿಯಂಥ ಹಕ್ಕಿಗಳು ಮರಿಯನ್ನು ಬಿಟ್ಟುಹೋಗುವುದು ನಮ್ಮ ಕೈ ವಾಸನೆಗಲ್ಲ, ಗೂಡಿನ ಬಳಿ ಪದೇ ಪದೇ ಆಗುವ ಗಲಾಟೆಗೆ. ಮೈಮೇಲೆ ಪುಕ್ಕ ಇಲ್ಲದ ಮರಿ ಬಿದ್ದಿದ್ದರೆ, ಗೂಡು ಕೈಗೆ ಎಟುಕುವುದಾದರೆ ಮೆಲ್ಲಗೆ ಎತ್ತಿ ವಾಪಸ್ ಇಟ್ಟು ದೂರ ಸರಿಯಿರಿ, ಆಮೇಲೆ ಕೈ ತೊಳೆದುಕೊಳ್ಳಿ. ಮೈತುಂಬ ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ತಾಯಿ ತಂದೆ ಹತ್ತಿರದಲ್ಲೇ ಇರುತ್ತವೆ. ಅದನ್ನು ಮನೆಗೆ ತಂದು ಹಾಲು, ಅನ್ನ ಕೊಡಬೇಡಿ. ಹತ್ತಿರದ ಗಿಡದ ಮೇಲೆ ಇಟ್ಟು, ಮನೆಯ ಬೆಕ್ಕನ್ನು ಸಂಜೆಯವರೆಗೆ ಒಳಗೆ ಕೂಡಿಹಾಕಿ.